ಹಿತ್ತಲಿಗೊಂದು ಕವಳಿಯ ಬೇಲಿ



ಪರದೇಶದ ರಾಸ್ಪ್‌ಬೆರಿಗೆ ದೀರ್ಘವಾದ ಚಳಿ ಬೇಕು. ಸವದತ್ತಿ, ರಾಮದುರ್ಗದ ಬಿಸಿಲಿಗೆ ಅದು ಒಗ್ಗದು. ಈ ಸೀಮೆಯ ಗುಡ್ಡಗಳಿಗೆ ನಿಸರ್ಗವೇ ನೀಡಿದ ಮುಳ್ಳುಹಣ್ಣು ಕವಳಿ.

ಬೇಸಿಗೆಯ ಕೊನೆಗೆ ಕಪ್ಪಾಗಿ ಮಾಗುವ ಈ ಹಣ್ಣು ಬುಟ್ಟಿ ತುಂಬಿ ಸಂತೆಗೆ ಬರುತ್ತದೆ. ಆದರೆ ಪೊದೆಗಳನ್ನು ಉರುವಲಿಗೆ ಕಡಿದು, ಇದ್ದ ಕಾಯಿಯನ್ನೆಲ್ಲ ಕಿತ್ತೊಯ್ದರೆ ಗುಡ್ಡಕ್ಕೆ ಬೀಜವೆಲ್ಲಿಯದು? ಆದ್ದರಿಂದ ಕವಳಿ ಹಿತ್ತಲಿಗೂ ಬರಬೇಕು.

ಗುಡ್ಡದ ಗಿಡ ಕೀಳುವುದು ಬೇಡ. ಮಾಗಿದ ಹಣ್ಣಿನ ಬೀಜವನ್ನು ತೊಳೆದು ತಡಮಾಡದೆ ಬಿತ್ತಬೇಕು; ಹಳತಾದ ಬೀಜ ಮೊಳೆಯದು. ಮರುವರ್ಷದ ಮುಂಗಾರಿನಲ್ಲಿ ಸಸಿಗಳನ್ನು 3 ಅಡಿಗೊಂದರಂತೆ ಬೇಲಿಯ ಸಾಲಿನಲ್ಲಿ ನೆಡಬಹುದು. ಮಸಾರಿ, ಕಲ್ಲುನೆಲ ಅದಕ್ಕೆ ಹಿತ. ಬೈಲಹೊಂಗಲದ ಎರೆನೆಲದಲ್ಲಿಯೂ, ಮಳೆ ಹೆಚ್ಚಿರುವ ಕಿತ್ತೂರಿನ ಕಡೆಯೂ ನೀರು ನಿಲ್ಲದಂತೆ ಬದುವಿನ ಮೇಲೆ ನೆಡುವುದು ಲೇಸು. ಮೊದಲೆರಡು ಬೇಸಿಗೆ ನೀರುಣಿಸಿದರೆ ಸಾಕು. ಮೂರು-ನಾಲ್ಕು ವರ್ಷಗಳಲ್ಲಿ ಫಲ ಕಾಣಬಹುದು.

ಎಳೆಗಾಯಿ ಉಪ್ಪಿನಕಾಯಿಗೆ, ಹಣ್ಣು ಮಕ್ಕಳಿಗೆ, ಮುಳ್ಳು ದನಗಳ ತಡೆಗೆ, ಪೊದೆ ಪಿಕಳಾರದ ಗೂಡಿಗೆ. ತಂತಿಬೇಲಿ ಇವುಗಳಲ್ಲಿ ಒಂದನ್ನು ಮಾತ್ರ ಕೊಟ್ಟೀತು. ತುದಿಯ ಕೆಲವು ಹಣ್ಣುಗಳನ್ನು ಹಕ್ಕಿಗೆ ಬಿಡಿರಿ. ಬೀಜವನ್ನು ಗುಡ್ಡಕ್ಕೆ ಮರಳಿ ಒಯ್ಯುವ ಕೆಲಸ ಅದರದು.