ಹಾಡಿಯ ಮಕ್ಕಳು ಮತ್ತು ಶಾಲೆಯ ಆಪ್ತ ಸಮಾಲೋಚಕರು



ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತದೆ. ಜೇನು ಕುರುಬ, ಬೆಟ್ಟ ಕುರುಬ, ಯರವ ಕುಟುಂಬಗಳು ಕೂಲಿಗಾಗಿ ತೋಟದ ಲೈನ್‌ಮನೆ ಸೇರುತ್ತವೆ. ಊರಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳೂ ಅಪ್ಪ ಅಮ್ಮನ ಜೊತೆ ಹೊರಡುತ್ತಾರೆ. ವಾರಗಟ್ಟಲೆ ಕಳೆದು ಶಾಲೆಗೆ ಬಂದ ಮಗುವಿಗೆ ಮೊದಲು ಸಿಗುವುದು ಗದರಿಕೆಯಾದರೆ, ಅದು ನಾಳೆ ಬರುವುದು ಅನುಮಾನ.

ಆಪ್ತ ಸಮಾಲೋಚನೆ ಎಂದರೆ ಮಗುವನ್ನು ಎದುರು ಕೂರಿಸಿಕೊಂಡು ಬುದ್ಧಿ ಹೇಳುವುದೆಂದು ಹಲವರು ತಿಳಿದಿದ್ದಾರೆ. ಆದರೆ ಈ ಮಗುವಿನ ಗೈರುಹಾಜರಿಯ ಬೇರು ಎಲ್ಲಿದೆ? ನಾಗರಹೊಳೆ ಕಾಡಿನಿಂದ ಎಬ್ಬಿಸಲ್ಪಟ್ಟ ಇಂಥ ಆದಿವಾಸಿಗಳ ಸ್ಥಿತಿಗತಿ ತಿಳಿಯಲು ಹೈಕೋರ್ಟ್ ರಚಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಿರ್ವಸಿತರಾದ 3,418 ಕುಟುಂಬಗಳನ್ನು ಅದು ಗುರುತಿಸಿತು. ಕಾಡು ಹೋಯಿತು, ಉಳುವ ನೆಲ ಸಿಗಲಿಲ್ಲ, ಉಳಿದದ್ದು ಕೂಲಿ. ಅಜ್ಜನ ಕಾಲದ ಈ ಅನ್ಯಾಯದ ಲೆಕ್ಕವನ್ನು ಮೂರನೇ ತಲೆಮಾರಿನ ಮಗು ತರಗತಿಯಲ್ಲಿ ತೀರಿಸಬೇಕಾಗಿ ಬಂದಿದೆ. ಇದು ತಿಳಿದ ಸಮಾಲೋಚಕರು ಮಗುವನ್ನು ತಿದ್ದಲು ಹೊರಡುವುದಿಲ್ಲ. ಕುಯ್ಲಿಗೆ ಮುಂಚೆಯೇ ಹಾಡಿಗೆ ಹೋಗಿ, ಯಜಮಾನರ ಹತ್ತಿರ ಕೂತು, ಯಾವ ಮಕ್ಕಳನ್ನು ವಸತಿಯಿರುವ ಆಶ್ರಮ ಶಾಲೆಯಲ್ಲಿ ಉಳಿಸಬಹುದು ಎಂದು ಮಾತಾಡುತ್ತಾರೆ.

ಇನ್ನೊಂದು ತೊಡಕು ಕಾಗದಪತ್ರದ್ದು. ಆಧಾರ್‌ನಲ್ಲಿ ಒಂದು ಹೆಸರು, ದಾಖಲಾತಿಯಲ್ಲಿ ಇನ್ನೊಂದು. ಜಾತಿ ಪ್ರಮಾಣಪತ್ರ ಕೈಗೆ ಬಂದಿಲ್ಲ. ವಿದ್ಯಾರ್ಥಿವೇತನ ಅಲ್ಲೇ ನಿಂತಿದೆ. ಓದು ಬರಹ ತಿಳಿಯದ ತಂದೆ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಎಷ್ಟು ಸಲ ಅಲೆದಾರು? ಶಾಲೆಯವರು ಒಬ್ಬರು ಜೊತೆಗೆ ಹೋದರೆ ಅದು ಮಗುವಿನ ಮನಸ್ಸಿಗೂ ದೊಡ್ಡ ಸಾಂತ್ವನ ಎಂದೇ ನಾನು ನಂಬುತ್ತೇನೆ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಎರಡೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇವೆ. ಹಾಡಿಯ ತಾಯಂದಿರಿಗೆ ಇದನ್ನು ಬಾಯಿಮಾತಿನಲ್ಲಿ ತಿಳಿಸಬೇಕು.

ಭಾಷೆಯ ವಿಷಯವೂ ಇದೆ. ಮನೆಯಲ್ಲಿ ಜೇನು ನುಡಿಯನ್ನೋ ಯರವ ನುಡಿಯನ್ನೋ ಆಡುವ ಮಗು ಪಠ್ಯಪುಸ್ತಕದ ಕನ್ನಡದ ಮುಂದೆ ಬಾಯಿ ಕಟ್ಟಿದಂತೆ ಕೂರುತ್ತದೆ. ನಾವು ಅದನ್ನು ದಡ್ಡತನ ಎಂದುಬಿಡುತ್ತೇವೆ. ಹಾಡಿಯಲ್ಲೇ ಬೆಳೆದು ಪಿಯುಸಿ ಓದಿದ ಹೆಣ್ಣುಮಗಳೊಬ್ಬಳು ಸಮಾಲೋಚಕರ ಜೊತೆಗಿದ್ದರೆ ಮಗು ಬಾಯಿ ಬಿಡುತ್ತದೆ. ಅಂಥವರಿಗೆ ಸಂಬಳ ಕೊಟ್ಟು ನೇಮಿಸಿಕೊಳ್ಳಬೇಕು, ಬಿಟ್ಟಿ ಸೇವೆ ಕೇಳಬಾರದು.

ನಮ್ಮ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಸಮಾಲೋಚನೆಯ ಈ ಕೆಲಸ ಬೀಳುವುದು ಮೇಷ್ಟ್ರ ಮೇಲೆ, ಟೀಚರ್ ಮೇಲೆ, ಹಾಸ್ಟೆಲ್ ವಾರ್ಡನ್ ಮೇಲೆ. ಅವರೂ ಒಂಟಿಯಲ್ಲ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯದಾಗಿ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಆಶ್ರಮ ಶಾಲೆ ಮುಗಿಸಿ ಪೇಟೆಯ ಹೈಸ್ಕೂಲಿಗೆ ಹೋಗಬೇಕಾದಾಗ ಹಾಡಿಯ ಮಗು ಕೈತಪ್ಪುವುದು ಸುಲಭ. ಟಿ.ಸಿ. ಕೊಟ್ಟ ಮೇಲೂ ಆ ಹೆಸರುಗಳ ಪಟ್ಟಿ ನಿಮ್ಮ ಹತ್ತಿರ ಇರಲಿ. ಜೂನ್ ತಿಂಗಳಲ್ಲಿ ಹೊಸ ಶಾಲೆಗೆ ಫೋನ್ ಮಾಡಿ, ಯಾರು ಬಂದಿಲ್ಲ ಎಂದು ಕೇಳಿ. ಬಾರದವರ ಮನೆಗೆ ಅದೇ ವಾರ ಹೋಗಿ.