‘ಭದ್ರ ಕ್ಷೇತ್ರ’ವೆಂಬ ವತನ

(ತಾಲೂಕು ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆಯ ಗೋಷ್ಠಿಯಲ್ಲಿ ಒಬ್ಬ ಗೆಳೆಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಬಹುಕಾಲ ಸದಸ್ಯರಾಗಿದ್ದವರು ತೀರಿಕೊಂಡು ಲೋಕಸಭೆಯ ಸ್ಥಾನವೊಂದು ತೆರವಾಗುತ್ತದೆ. ಅದು ಆ ಪಕ್ಷದ ಭದ್ರ ಕ್ಷೇತ್ರವೆಂದು ಊರಿಗೆಲ್ಲ ಗೊತ್ತು. ಅಂಥಲ್ಲಿ ಉಪಚುನಾವಣೆ ಬಂದರೆ ನಮ್ಮಂಥ ಬಡ ಪಕ್ಷದವರು ದುಡ್ಡನ್ನೂ ಕಾಲನ್ನೂ ಏಕೆ ಸವೆಸಬೇಕು? ಇದು ಅವರ ಪ್ರಶ್ನೆ. ಉತ್ತರ ಹೇಳಲು ಅಧ್ಯಕ್ಷರು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ಪ್ರಶ್ನೆ ಪ್ರಾಮಾಣಿಕವಾದದ್ದು. ಮನೆಮನೆಗೆ ಹೋಗಿ ಚಂದಾ ಎತ್ತುವವರಿಗೆ ಇಪ್ಪತ್ತೈದು ಸಾವಿರ ರೂಪಾಯಿ ಠೇವಣಿ ಸಣ್ಣ ಮೊತ್ತವಲ್ಲ. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲು ಬಾರದಿದ್ದರೆ ಅದು ಸರಕಾರದ ಖಜಾನೆಗೆ ಹೋಗುತ್ತದೆ. ನಾನು ಎಂಟು ವರ್ಷ ಕರಿಹಲಗೆಯ ಮುಂದೆ ನಿಂತವನು. ಸಿದ್ಧಾಂತ ಆಮೇಲೆ, ಮೊದಲು ಲೆಕ್ಕ ಎನ್ನುವ ರೂಢಿ ಇನ್ನೂ ಬಿಟ್ಟಿಲ್ಲ. ಆದುದರಿಂದ ನಮ್ಮ ಕಣ್ಣೆದುರಿಗೇ ನಡೆದ ಬೆಳಗಾವಿಯ ಲೆಕ್ಕವನ್ನು ಬಿಡಿಸೋಣ. ಪೆನ್ಸಿಲು ಇದ್ದವರು ಬರೆದುಕೊಳ್ಳಿರಿ.

ಸುರೇಶ ಅಂಗಡಿಯವರು ಬೆಳಗಾವಿಯಿಂದ 2004, 2009, 2014, 2019, ಹೀಗೆ ನಾಲ್ಕು ಸಲ ಲೋಕಸಭೆಗೆ ಹೋದರು. ಕೊನೆಯ ಸಲ ಅವರಿಗೆ ಬಿದ್ದ ಮತ 7,61,991. ಎದುರಾಳಿ ಕಾಂಗ್ರೆಸ್ಸಿನ ವಿ. ಎಸ್. ಸಾಧುನವರರಿಗೆ 3,70,687. ಅಂತರ 3,91,304. ಎಂದರೆ ಸೋತವರಿಗೆ ಬಿದ್ದ ಒಟ್ಟು ಮತಕ್ಕಿಂತ ಗೆದ್ದವರ ಅಂತರವೇ ದೊಡ್ಡದು. ಭದ್ರ ಕ್ಷೇತ್ರವೆಂದರೆ ಇದಕ್ಕಿಂತ ಭದ್ರವಾದದ್ದು ಇನ್ನೇನು ಬೇಕು?

2020ರ ಸೆಪ್ಟೆಂಬರ್ 23ರಂದು, ರೈಲ್ವೆಯ ರಾಜ್ಯಮಂತ್ರಿಗಳಾಗಿದ್ದಾಗಲೇ, ಅವರು ದಿಲ್ಲಿಯಲ್ಲಿ ಕೊರೊನಾ ಜಾಡ್ಯದಿಂದ ತೀರಿಕೊಂಡರು. ದೇಹ ಊರಿಗೆ ಬರಲಿಲ್ಲ, ಅಂತ್ಯಕ್ರಿಯೆ ಅಲ್ಲಿಯೇ ನಡೆಯಿತು. ನಾವು ಅವರ ರಾಜಕೀಯವನ್ನು ಒಪ್ಪಿದವರಲ್ಲ. ಆದರೂ ಕಿತ್ತೂರಿನ ಮೇಲೆ ಹಾಯ್ದು ಧಾರವಾಡಕ್ಕೆ ನೇರ ರೈಲು ದಾರಿಯಾಗಲೆಂದು ಅವರು ಹಿಡಿದ ಹಟವನ್ನು ಈ ಭಾಗದ ಯಾರೂ ಅಲ್ಲಗಳೆಯಲಾರರು. ಸಾವಿನ ಮನೆಯಲ್ಲಿ ಪಕ್ಷ ನೋಡಬಾರದು.

ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು. ಪಕ್ಷವು ಅವರ ಪತ್ನಿ ಮಂಗಲಾ ಅಂಗಡಿಯವರಿಗೆ ಟಿಕೆಟು ಕೊಟ್ಟಿತು. ಕಾಂಗ್ರೆಸ್ಸಿನಿಂದ ಯಮಕನಮರಡಿಯ ಶಾಸಕ ಸತೀಶ ಜಾರಕಿಹೊಳಿಯವರು ನಿಂತರು. ಯಮಕನಮರಡಿ ಬೆಳಗಾವಿ ಲೋಕಸಭಾ ಕ್ಷೇತ್ರದೊಳಗಿಲ್ಲ, ಚಿಕ್ಕೋಡಿಗೆ ಸೇರಿದ್ದು. ಗೋಕಾಕ, ಅರಭಾವಿಗಳಲ್ಲಿ ಮಾತ್ರ ಆ ಮನೆತನದ ಹಿಡಿತ ಬಲವಾದದ್ದು. ಮೂರನೆಯವರಾಗಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ತರುಣ ಹುರಿಯಾಳು ಶುಭಂ ಶೇಳಕೆಯವರು ಇಳಿದರು. ಮೇ 2ರಂದು ಎಣಿಕೆ. ಮುನ್ನಡೆ ಸುತ್ತಿನಿಂದ ಸುತ್ತಿಗೆ ಕೈ ಬದಲಾಯಿಸುತ್ತ ಹೋಯಿತು. ಕಡೆಗೆ ಮಂಗಲಾ ಅಂಗಡಿಯವರಿಗೆ 4,40,327, ಜಾರಕಿಹೊಳಿಯವರಿಗೆ 4,35,087, ಶೇಳಕೆಯವರಿಗೆ 1,17,174. ಅಂತರ ಕೇವಲ 5,240.

ಎರಡು ವರ್ಷದ ಹಿಂದೆ ಸುಮಾರು ನಾಲ್ಕು ಲಕ್ಷವಿದ್ದದ್ದು ಈಗ ಐದು ಸಾವಿರ! ಎರಡು ದೊಡ್ಡ ಹಳ್ಳಿಗಳ ಮತ ಆ ಕಡೆ ಬೀಳಬೇಕಾದದ್ದು ಈ ಕಡೆ ಬಿದ್ದಿದ್ದರೆ ಬೆಳಗಾವಿಯ ಸದಸ್ಯರು ಬೇರೆಯವರಾಗುತ್ತಿದ್ದರು.

ಈಗ ಕಳೆಯುವ ಲೆಕ್ಕ. ಆಳುವ ಪಕ್ಷ ಕಳೆದುಕೊಂಡದ್ದು 3,21,664 ಮತ. ಕಾಂಗ್ರೆಸ್ಸಿಗೆ ಹೆಚ್ಚಿದ್ದು 64,400 ಮಾತ್ರ. ಶೇಳಕೆಯವರ 1,17,174ನ್ನು ಅದಕ್ಕೆ ಕೂಡಿಸಿದರೂ 1,81,574 ಆಗುತ್ತದೆ. ಉಳಿದ ಒಂದು ಲಕ್ಷ ನಲವತ್ತು ಸಾವಿರ ಎಲ್ಲಿ ಹೋಯಿತು? ಯಾವ ಮತದಾರ ಯಾವ ಗುಂಡಿ ಒತ್ತಿದನೆಂದು ಯಾರೂ ಹೇಳಲಾರರು, ಅದು ಗುಪ್ತವಾಗಿರಬೇಕಾದದ್ದೇ. ಆದರೆ 2019ರಲ್ಲಿ ನೂರಕ್ಕೆ 67 ಮೀರಿ ನಡೆದಿದ್ದ ಮತದಾನ 2021ರಲ್ಲಿ 56ರ ಸುಮಾರಿಗೆ ಇಳಿಯಿತೆಂಬುದು ಎಲ್ಲರಿಗೂ ಗೊತ್ತಿದೆ. ಎಂದರೆ ಬಹಳ ಜನ ಮನೆಯಲ್ಲಿಯೇ ಕುಳಿತರು.

ಏಕೆ ಕುಳಿತರು? ರೋಗದ ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಇನ್ನೊಂದು ಸಂಗತಿಯನ್ನು ಪತ್ರಿಕೆಯವರು ಅಷ್ಟಾಗಿ ಬರೆಯಲಿಲ್ಲ. ಏಪ್ರಿಲ್ 7ರಿಂದ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳಕ್ಕಾಗಿ ಮುಷ್ಕರ ಹೂಡಿದ್ದರು. ಅದು 21ರವರೆಗೂ ನಡೆಯಿತು. ಮತದಾನದ ದಿನ ಆ ಎರಡರ ನಡುವೆ ಬಿತ್ತು. ಗೋವೆಗೆ, ಪುಣೆಗೆ ಕೂಲಿಗೆ ಹೋದವನು ಮತ ಹಾಕಲೆಂದು ಯಾವ ಬಸ್ಸಿನಲ್ಲಿ ಬರಬೇಕು? ಮಂತ್ರಿಗಳ ಕಾರುಗಳಿಗೆ ಮುಷ್ಕರವಿರಲಿಲ್ಲ, ಬಿಡಿ. 2019ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕ, ರಾಮದುರ್ಗದ ಕಡೆ ಬಿದ್ದ ಮನೆಗಳ ಮಾತು ಬೇರೆ. ಗೋಡೆ ಏಳದ ಮನೆಯ ಮುಂದೆ ನಿಂತು ಮತ ಕೇಳುವವನಿಗೆ ಯಾವ ಹೆಸರೂ ಆಸರೆಯಾಗುವುದಿಲ್ಲ.

ಶೇಳಕೆಯವರ ವಿಷಯವನ್ನೂ ಗಮನಿಸಿರಿ. ಆರನೆಯ ಒಂದು ಪಾಲು ಅವರಿಗೆ ಸಿಗಲಿಲ್ಲ. ಗಡಿಯ ವಿಷಯದಲ್ಲಿ ಅವರ ಸಮಿತಿಯ ನಿಲುವು ನಮಗೆ ಒಪ್ಪಿಗೆಯಿಲ್ಲ, ಅದನ್ನು ಇಲ್ಲಿ ಚರ್ಚಿಸುವುದೂ ಇಲ್ಲ. ಆದರೆ ಅವರಿಗೆ ಬಿದ್ದ ಮತ ಗೆಲುವಿನ ಅಂತರದ ಇಪ್ಪತ್ತೆರಡು ಪಟ್ಟು. ಮೂರನೆಯವನು ನಿಂತರೆ ಏನೂ ಆಗುವುದಿಲ್ಲವೆಂಬ ಮಾತನ್ನು ಈ ಅಂಕೆಯ ಮುಂದೆ ಇಟ್ಟು ನೋಡಿರಿ.

“ಅದೆಲ್ಲ ಇರಲಿ ಸರ್, ಕಡೆಗೆ ಅನುಕಂಪದ ಮೇಲೆ ಗೆದ್ದರಲ್ಲ” ಎಂದು ಹೇಳುವವರಿದ್ದಾರೆ. ಅದೇ ಏಪ್ರಿಲ್ 17ರಂದು ಬಸವಕಲ್ಯಾಣದಲ್ಲಿ ವಿಧಾನಸಭೆಯ ಉಪಚುನಾವಣೆಯೂ ನಡೆಯಿತು. ಅಲ್ಲಿಯ ಕಾಂಗ್ರೆಸ್ ಶಾಸಕ ಬಿ. ನಾರಾಯಣರಾವ್ ಅವರು ಅಂಗಡಿಯವರ ಮರುದಿನವೇ ಅದೇ ಜಾಡ್ಯದಿಂದ ತೀರಿಕೊಂಡಿದ್ದರು. ಕಾಂಗ್ರೆಸ್ಸೂ ಅವರ ಪತ್ನಿಯನ್ನೇ ನಿಲ್ಲಿಸಿತು. ಆಕೆ ಸೋತರು. ಒಂದೇ ರಾಜ್ಯ, ಒಂದೇ ದಿನ, ಒಂದೇ ಬಗೆಯ ದುಃಖ. ಫಲ ಬೇರೆ ಬೇರೆ. ಜನರಿಗೆ ಕರುಳಿಲ್ಲವೆಂದಲ್ಲ. ಸಾವಿಗೆ ಕಣ್ಣೀರು ಹಾಕುವುದು ಬೇರೆ, ಮತ ಹಾಕುವುದು ಬೇರೆ ಎಂಬುದು ಜನರಿಗೆ ತಿಳಿದಿದೆ. ಪಕ್ಷದ ದೊಡ್ಡವರಿಗೆ ಮಾತ್ರ ತಿಳಿದಿಲ್ಲ.

ಆ ಇಬ್ಬರು ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಗೌರವವಿದೆ. ನನ್ನ ಆಕ್ಷೇಪ ಪದ್ಧತಿಯ ಮೇಲಿನದು. ಹತ್ತಾರು ವರ್ಷ ಪಕ್ಷಕ್ಕಾಗಿ ಚೀಟಿ ಹಂಚಿದ, ಗೋಡೆಗೆ ಸುಣ್ಣ ಬಳಿದ ಹೆಂಗಸರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಗಂಡ ಎಂ.ಪಿ. ಆಗಿ ಸಾಯದ ಹೊರತು ಅವರಿಗೆ ಟಿಕೆಟು ಇಲ್ಲವೆಂದರೆ ಅದು ಸ್ತ್ರೀಯರಿಗೆ ಕೊಟ್ಟ ಮರ್ಯಾದೆಯೆ?

ಈ ಭಾಗದ ಹಿರಿಯರಿಗೆ ವತನ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಗೌಡನಾದರೆ ಮಗ ಗೌಡ, ಅಪ್ಪ ಕುಲಕರ್ಣಿಯಾದರೆ ಮಗ ಕುಲಕರ್ಣಿ. ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ ನಮ್ಮ ರಾಜ್ಯದಲ್ಲಿ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಚಾವಡಿಯ ವತನ ಹೋಯಿತು. ಲೋಕಸಭೆಯ ವತನಕ್ಕೆ ಕಾಯಿದೆ ಇನ್ನೂ ಬರಬೇಕಾಗಿದೆ.

ಆ 1963 ಇನ್ನೊಂದು ಕಾರಣಕ್ಕೂ ನೆನಪಿಡತಕ್ಕ ವರ್ಷ. ಬೆಳಗಾವಿಗೆ ಇಂಥ ಉಪಚುನಾವಣೆ 2021ರಲ್ಲಿ ಮೊದಲನೆಯದಲ್ಲ. ಮೊದಲನೆಯ ಲೋಕಸಭೆಯಿಂದಲೂ ಸದಸ್ಯರಾಗಿದ್ದ, ಗೃಹಖಾತೆಯ ರಾಜ್ಯಮಂತ್ರಿ ಬಿ. ಎನ್. ದಾತಾರರು 1963ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗ ಸ್ಥಾನ ಕಾಂಗ್ರೆಸ್ಸಿನಲ್ಲಿಯೇ ಉಳಿಯಿತು, ಎಚ್. ವಿ. ಕೌಜಲಗಿಯವರು ಗೆದ್ದರು. ಮುಂದೆ 1980ರಿಂದ ಎಸ್. ಬಿ. ಸಿದ್ನಾಳರು ಒಂದೇ ಸಮನೆ ನಾಲ್ಕು ಸಲ ಗೆದ್ದರು. ಆಗಲೂ ಜನ ಇದನ್ನು ಕಾಂಗ್ರೆಸ್ಸಿನ ಭದ್ರ ಕ್ಷೇತ್ರವೆಂದೇ ಕರೆಯುತ್ತಿದ್ದರು. 1996ರಲ್ಲಿ ಜನತಾದಳದ ಶಿವಾನಂದ ಕೌಜಲಗಿಯವರು ಬಂದರು. 1998ರಲ್ಲಿ ಬಾಬಾಗೌಡ ಪಾಟೀಲರು, 1999ರಲ್ಲಿ ಅಮರಸಿಂಹ ಪಾಟೀಲರು. ನಾಲ್ಕು ವರ್ಷದೊಳಗೆ ಮೂರು ಪಕ್ಷ! ಭದ್ರತೆ ಎಂಬುದು ಈ ಮಣ್ಣಿನ ಗುಣವಾಗಿದ್ದರೆ ಹೀಗಾಗುತ್ತಿತ್ತೆ?

ಅದೇ 1963ರಲ್ಲಿ ಉತ್ತರ ಪ್ರದೇಶದ ಫರೂಕಾಬಾದಿನಲ್ಲಿ ಕಾಂಗ್ರೆಸ್ ಸದಸ್ಯ ಮೂಲಚಂದ ದುಬೆಯವರು ತೀರಿಕೊಂಡು ಸ್ಥಾನ ತೆರವಾಯಿತು. ಹಿಂದಿನ ವರ್ಷವಷ್ಟೇ ಫೂಲ್ಪುರದಲ್ಲಿ ನೆಹರೂ ಅವರೆದುರು ಸೋತಿದ್ದ ಡಾ. ರಾಮಮನೋಹರ ಲೋಹಿಯಾ ಅಲ್ಲಿ ನಿಂತರು. ಎದುರಾಳಿ ಬಿ. ವಿ. ಕೇಸ್ಕರ್, ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದವರು, ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಹೊರಗೆ ಹಾಕಿದವರು. ಲೋಹಿಯಾ ಗೆದ್ದರು. ಆ ವರ್ಷವೇ ಅಮರೋಹಾದ ಉಪಚುನಾವಣೆಯಲ್ಲಿ ಆಚಾರ್ಯ ಕೃಪಲಾನಿಯವರೂ ಗೆದ್ದುಬಂದರು. ಆಗಸ್ಟಿನಲ್ಲಿ ಲೋಕಸಭೆಯ ಚರಿತ್ರೆಯ ಮೊದಲ ಅವಿಶ್ವಾಸ ಸೂಚನೆಯನ್ನು ಮಂಡಿಸಿದವರು ಈ ಕೃಪಲಾನಿಯವರೇ. ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆಂದು ಲೋಹಿಯಾ ಆ ಚರ್ಚೆಯಲ್ಲಿ ಲೆಕ್ಕವಿಟ್ಟರು. ಸರಕಾರ ಹದಿನೈದಾಣೆ ಎಂದಿತು. ಸರಕಾರ ಬೀಳಲಿಲ್ಲ. ಆದರೆ ಬಡವನ ದಿನದ ಗಳಿಕೆ ಎಷ್ಟೆಂಬ ಪ್ರಶ್ನೆ ಮಂತ್ರಿಗಳ ಮೇಜಿನ ಮೇಲೆ ಬಂದು ಕುಳಿತಿತು. ಉಪಚುನಾವಣೆಯಲ್ಲಿ ಸಿಕ್ಕ ಒಂದೆರಡು ಸ್ಥಾನದಿಂದ ಏನಾಗುತ್ತದೆ ಎಂದು ಕೇಳುವವರು ಇದನ್ನು ಓದಿಕೊಳ್ಳಬೇಕು.

ಇನ್ನು ಕಾಯಿದೆಯ ಮಾತು. ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂದು ಪ್ರಜಾಪ್ರತಿನಿಧಿ ಕಾಯಿದೆಯ 151ಎ ಕಲಮು ಹೇಳುತ್ತದೆ. 1996ರಲ್ಲಿ ಸೇರಿಸಿದ ಕಲಮು ಅದು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ, ಇಲ್ಲವೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗವು ಕೇಂದ್ರ ಸರಕಾರದೊಡನೆ ಸಮಾಲೋಚಿಸಿ ದೃಢೀಕರಿಸಿದರೆ ವಿನಾಯಿತಿಯುಂಟು. ಬೆಳಗಾವಿ ಸುಮಾರು ಏಳು ತಿಂಗಳು ಸದಸ್ಯರಿಲ್ಲದೆ ಇತ್ತು. ಪುಣೆಯ ಗತಿ ಇನ್ನೂ ಕೆಟ್ಟದ್ದು. ಅಲ್ಲಿಯ ಸದಸ್ಯ ಗಿರೀಶ ಬಾಪಟರು 2023ರ ಮಾರ್ಚ್ 29ರಂದು ತೀರಿಕೊಂಡರು. ಲೋಕಸಭೆಯ ಅವಧಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿತ್ತು. ಬೇರೆ ಚುನಾವಣೆಗಳ ಕೆಲಸವಿದೆ, ಗೆದ್ದವರಿಗೆ ಸಿಗುವ ಕಾಲವೂ ಕಡಿಮೆ ಎಂದು ಆಯೋಗ ಸುಮ್ಮನಾಯಿತು. ಒಬ್ಬ ಮತದಾರರು ಬೊಂಬಾಯಿ ಉಚ್ಚ ನ್ಯಾಯಾಲಯದ ಕದ ತಟ್ಟಿದರು. ಕೂಡಲೇ ಚುನಾವಣೆ ನಡೆಸಿರೆಂದು 2023ರ ಡಿಸೆಂಬರಿನಲ್ಲಿ ಅಲ್ಲಿ ಆಜ್ಞೆಯಾಯಿತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯಿತು. ಸಾರ್ವತ್ರಿಕ ಚುನಾವಣೆ ಬರುವವರೆಗೆ ಅಷ್ಟು ದೊಡ್ಡ ಪಟ್ಟಣಕ್ಕೆ ಲೋಕಸಭೆಯಲ್ಲಿ ದನಿಯೇ ಇರಲಿಲ್ಲ.

ಎದುರಾಳಿಗಳು “ಅದು ಅವರ ಸ್ಥಾನ, ಹೇಗೂ ಅವರೇ ಬರುವವರು” ಎಂದು ಕೈಕಟ್ಟಿ ಕುಳಿತರೆ ಆ ಸ್ಥಾನ ಖಾಲಿ ಬಿದ್ದರೂ ಕೇಳುವವರಿರುವುದಿಲ್ಲ. ಗೆದ್ದವನ ಅಹಂಕಾರ ಎಷ್ಟು ಕೆಟ್ಟದ್ದೋ ಸೋತವನ ಈ ಸೋಮಾರಿತನವೂ ಅಷ್ಟೇ ಕೆಟ್ಟದ್ದೆಂದು ನನ್ನ ಅಭಿಪ್ರಾಯ.

ಬೆಳಗಾವಿಯ ಕತೆ ಮುಂದುವರಿಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದೊಳಗಿನ ಎಂಟರಲ್ಲಿ ಐದು ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರು, 2024ರಲ್ಲಿ ಲೋಕಸಭೆಗೆ ಭಾರತೀಯ ಜನತಾ ಪಕ್ಷದ ಜಗದೀಶ ಶೆಟ್ಟರರನ್ನು 1,78,437 ಮತಗಳ ಅಂತರದಿಂದ ಕಳಿಸಿದರು. ಶೆಟ್ಟರರು ಅಂಗಡಿಯವರ ಬೀಗರು. ಎದುರಿಗೆ ನಿಂತ ಕಾಂಗ್ರೆಸ್ ಹುರಿಯಾಳು ರಾಜ್ಯದ ಮಂತ್ರಿ ಲಕ್ಷ್ಮೀ ಹೆಬ್ಬಾಳಕರರ ಮಗ. ಹೆಂಡತಿಯಿಂದ ಬೀಗರಿಗೆ ಹೋಯಿತು. ಆ ಕಡೆಯವರು ತಾಯಿಯಿಂದ ಮಗನಿಗೆ ತರಲು ನೋಡಿದರು. ಎರಡು ಮನೆಗಳ ನಡುವಿನ ವತನದ ವ್ಯಾಜ್ಯದಲ್ಲಿ ಮತದಾರನನ್ನು ಸಾಕ್ಷಿಗೆ ಕರೆಸಿದಂತಾಯಿತು.

ಆದುದರಿಂದ ನಿನ್ನೆ ಕೇಳಿದ ಗೆಳೆಯರಿಗೆ ನನ್ನ ಉತ್ತರ: ನಿಲ್ಲಬೇಕು. ನಿಲ್ಲಲು ಹಣವಿಲ್ಲದಿದ್ದರೆ ನಿಂತವರಲ್ಲಿ ಯೋಗ್ಯರಾದವರನ್ನು ಬಹಿರಂಗವಾಗಿ ಬೆಂಬಲಿಸಿ ದುಡಿಯಬೇಕು. ಮನೆಯಲ್ಲಿ ಮಾತ್ರ ಕೂಡಬಾರದು. ಆ ಕೆಲಸವೂ ಚುನಾವಣೆ ಸಾರಿದ ಮೇಲೆ ಆರಂಭಿಸುವ ಕೆಲಸವಲ್ಲ. ಮನೆಯಲ್ಲಿ ಉಳಿದುಹೋದ ಆ ಒಂದು ಲಕ್ಷ ನಲವತ್ತು ಸಾವಿರದಂಥವರ ಹೆಸರು ಪಟ್ಟಿಯಲ್ಲಿದೆಯೇ, ಊರು ಬಿಟ್ಟಿದ್ದಾರೆಯೇ, ವೃದ್ಧಾಪ್ಯ ವೇತನ ನಿಂತಿದೆಯೇ, ಬಿದ್ದ ಮನೆಯ ಪರಿಹಾರ ಎಷ್ಟು ಕಂತು ಬಂತು, ಇದೆಲ್ಲ ನಮ್ಮ ವಹಿಯಲ್ಲಿರಬೇಕು. ಹದಿನೆಂಟು ತುಂಬಿದವರು ಹೆಸರು ಸೇರಿಸಲು ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೆಯ ತಾರೀಖು. ನಮೂನೆ 6 ತುಂಬಿಸುವುದಕ್ಕೆ ಮಂತ್ರಿಯ ಮಗನಾಗಬೇಕಾಗಿಲ್ಲ, ಅಕ್ಷರ ಬಲ್ಲವನಾದರೆ ಸಾಕು.

ಊಟದ ಗಂಟೆಯ ನಂತರ ಪ್ರತಿ ಹಳ್ಳಿಯವರೂ ತಮ್ಮ ತಮ್ಮ ಮತಗಟ್ಟೆಯ ಪಟ್ಟಿ ಹಿಡಿದು ಮಾವಿನ ಮರದ ಕೆಳಗೆ ಬರತಕ್ಕದ್ದು. ಪಟ್ಟಿ ತರದವರು ಪಕ್ಕದ ಹಳ್ಳಿಯವರ ಜೊತೆ ಕುಳಿತುಕೊಳ್ಳಲಿ. ಸತ್ತವರ ಹೆಸರಿಗೆ ಗೆರೆ ಎಳೆಯುವುದರಿಂದ ಸುರುಮಾಡೋಣ.