ಕಟ್ಟಿಗೆಯ ಮೀನು ಮತ್ತು ಮನೆಯ ಒಲೆ

(ಮೇ 1, ಕಾರ್ಮಿಕರಾದ ಸಂತ ಜೋಸೆಫರ ಹಬ್ಬದಂದು ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ ಮತ್ತು ಬೋನಸ್ಸಿನ ಮಾತು ಬೆಳಿಗ್ಗೆಯೇ ಮುಗಿದಿದೆ. ಸಂತ ಜೋಸೆಫರ ವಿಷಯವನ್ನು ಗುರುಗಳು ಪೂಜೆಯಲ್ಲಿ ಹೇಳಿದ್ದಾರೆ. ಹಾಗಾದರೆ ನನಗೆ ಉಳಿದದ್ದು ಆ ಬಡಗಿಯ ಕೈಕೆಲಸ. ನಿನ್ನೆ ಸಂಜೆ ನಿಮ್ಮ ಲೈನಿನ ಹುಡುಗರು ನನ್ನ ಚೀಲದಲ್ಲಿದ್ದ ಬಣ್ಣದ ಕಟ್ಟಿಗೆ ಮೀನುಗಳನ್ನು ನೋಡಿ, “ಉಪದೇಶಿಗಳೇ, ಇದನ್ನು ಹೇಗೆ ಮಾಡುತ್ತೀರಿ?” ಎಂದು ಕೇಳಿದರು. ಅದನ್ನೇ ಹೇಳುತ್ತೇನೆ. ಅದರೊಂದಿಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ.

ನನ್ನ ಊರು ನಾಗಲಗಿದ್ದ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು. ಕರ್ನಾಟಕದ ಬೀದರ ನಮಗೆ ನೆರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮಾಂಜ್ರಾ ನದಿ ಮಹಾರಾಷ್ಟ್ರದ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾದು ನಮ್ಮ ಸೀಮೆಗೆ ಬರುತ್ತದೆ. ಮುಂದೆ ಸಿಂಗೂರು, ನಿಜಾಮಸಾಗರ ಜಲಾಶಯಗಳನ್ನು ತುಂಬಿ ಗೋದಾವರಿಯನ್ನು ಸೇರುತ್ತದೆ. ಈ ನೀರಿನ ಬೇಟೆಗಾರ ಮೀನು ಮರಳ. ತೆಲುಗರು ಕೊರ್ರಮೀನು ಎನ್ನುತ್ತಾರೆ. ಕೊರವ, ಕುಚ್ಚು ಎಂದು ಕರೆಯುವವರೂ ಇದ್ದಾರೆ. ತೆಲಂಗಾಣದ ರಾಜ್ಯ ಮೀನು ಇದೇ. ಇದು ಜೊಂಡಿನ ಮರೆಯಲ್ಲಿ ಅಡಗಿರುತ್ತದೆ, ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಕಪ್ಪೆಯೋ ಸಣ್ಣ ಮೀನೋ ಸುಳಿದರೆ ಹಾರಿ ಹಿಡಿಯುತ್ತದೆ. ಆದ್ದರಿಂದಲೇ ಎರೆಹುಳು ಇಲ್ಲದೆ, ಕಪ್ಪೆಯಂತೆ ಅಥವಾ ಮೀನಿನಂತೆ ಕೆತ್ತಿದ ಕಟ್ಟಿಗೆಯ ತುಂಡಿಗೂ ಅದು ಬಾಯಿ ಹಾಕುತ್ತದೆ. ಪೇಟೆಯ ಅಂಗಡಿಯವರು ಅದಕ್ಕೆ ಲೂರ್ ಎನ್ನುತ್ತಾರೆ. ನಾವು ಕಟ್ಟಿಗೆ ಮೀನು ಎನ್ನೋಣ.

ಇದನ್ನು ಲೋಕಕ್ಕೆಲ್ಲ ಹಂಚಿದವರಲ್ಲಿ ನಮ್ಮಂತಹ ಕೂಲಿಯವನೊಬ್ಬನಿದ್ದಾನೆ. ಫಿನ್‌ಲ್ಯಾಂಡ್ ದೇಶದ ಲೌರಿ ರಪಾಲ. ಹುಟ್ಟಿದ್ದು 1905ರಲ್ಲಿ. ಕಾಡಿನಲ್ಲಿ ಮರ ಕಡಿಯುವುದು, ಸರೋವರದಲ್ಲಿ ಮೀನು ಹಿಡಿಯುವುದು, ಇದೇ ಅವನ ಬದುಕು. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗುವಾಗ, ಗಾಯಗೊಂಡು ಓಲಾಡುತ್ತ ಈಜುವ ಮೀನನ್ನೇ ಹಿಡಿಯುತ್ತದೆ ಎಂಬುದನ್ನು ದೋಣಿಯಲ್ಲಿ ಕುಳಿತು ಗಮನಿಸಿದ. 1936ರಲ್ಲಿ ಬೆಂಡಿನ ತುಂಡನ್ನು ಚಮ್ಮಾರರ ಕತ್ತಿಯಿಂದ ಕೆತ್ತಿ, ಹಾಗೆಯೇ ಓಲಾಡುವ ಮೀನು ಮಾಡಿದ. ಹೊಳಪಿಗೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿದ. ವಾರ್ನಿಷ್ ಕೊಳ್ಳಲು ಹಣವಿರಲಿಲ್ಲ. ಫೋಟೋದ ಹಳೆಯ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಇಂದು ಅವನ ಹೆಸರಿನ ಲೂರ್ ಲೋಕದ ಮೂಲೆಮೂಲೆಯಲ್ಲಿದೆ. ಕಣ್ಣಿಟ್ಟು ನೋಡುವುದಕ್ಕೆ ಬಂಡವಾಳ ಬೇಕಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಈಗ ಮಾಡುವ ಬಗೆ. ಮೊದಲು ಹಗುರವಾದ ಕಟ್ಟಿಗೆ ಬೇಕು. ತೆಲಂಗಾಣದ ನಿರ್ಮಲದಲ್ಲಿ ಬೊಂಬೆ ಮಾಡುವವರು ಪೊನಿಕಿ ಎಂಬ ಹಗುರ ಮರ ಬಳಸುತ್ತಾರೆ. ನಿಮ್ಮ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸಿರುವ ಹಾಲವಾಣವೂ ಹಗುರವೇ. ಬಿದ್ದ ಕೊಂಬೆ ಸಾಕು. ಆದರೆ ಕೇಳಿ ತೆಗೆದುಕೊಳ್ಳಿ, ಕದ್ದ ಕಟ್ಟಿಗೆಯಿಂದ ಕೆಲಸ ಶುರು ಮಾಡಬೇಡಿ. ಅದನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಹೆಬ್ಬೆರಳು ಗಾತ್ರ, ಮೂರು ಅಂಗುಲ ಉದ್ದದ ತುಂಡನ್ನು ಚಾಕುವಿನಿಂದ ಮೀನಿನ ಆಕಾರಕ್ಕೆ ತಂದು, ಉಪ್ಪು ಕಾಗದದಿಂದ ಉಜ್ಜಿ. ಹೊಟ್ಟೆಯ ಉದ್ದಕ್ಕೂ ಗರಗಸದಿಂದ ಸೀಳು ಮಾಡಿ, ಒಂದೇ ಸ್ಟೀಲ್ ತಂತಿಯನ್ನು ಮೂತಿಯಿಂದ ಬಾಲದವರೆಗೆ ಕೂರಿಸಿ. ಗಾಳ ಸಿಕ್ಕಿಸುವ ಕುಣಿಕೆಗಳನ್ನು ಆ ತಂತಿಯಲ್ಲೇ ತಿರುಚಿರಬೇಕು. ಆಗ ಕಟ್ಟಿಗೆ ಒಡೆದರೂ ಮೀನು ಕೈಬಿಡುವುದಿಲ್ಲ. ಗದ್ದದ ಕೆಳಗೆ ಓರೆಯಾಗಿ ಒಂದು ಪ್ಲಾಸ್ಟಿಕ್ ನಾಲಿಗೆ ಸಿಕ್ಕಿಸಿ. ಎಳೆದಾಗ ನೀರು ಅದಕ್ಕೆ ತಾಗಿ ಮೀನು ಓಲಾಡುತ್ತದೆ. ಹೊಟ್ಟೆಯಲ್ಲಿ ಸ್ವಲ್ಪ ಭಾರ ಇಟ್ಟರೆ ಬೆನ್ನು ಮೇಲಾಗಿ ನಿಲ್ಲುತ್ತದೆ. ಸೀಳನ್ನು ಅರಾಲ್ಡೈಟ್‌ನಿಂದ ಮುಚ್ಚಿ.

ಬಣ್ಣಕ್ಕೆ ಅವಸರ ಮಾಡಬಾರದು. ಮೊದಲು ವಾರ್ನಿಷ್ ಕುಡಿಸಿ ಕಟ್ಟಿಗೆಯ ರಂಧ್ರ ಮುಚ್ಚಬೇಕು. ಇಲ್ಲವಾದರೆ ನೀರು ಕುಡಿದು ಉಬ್ಬುತ್ತದೆ. ಆಮೇಲೆ ಬಿಳಿ ಪ್ರೈಮರ್. ಹೊಟ್ಟೆಗೆ ತಿಳಿಬಣ್ಣ, ಬೆನ್ನಿಗೆ ಕಡುಬಣ್ಣ. ದೇವರು ಮೀನಿಗೆ ಕೊಟ್ಟದ್ದೂ ಹಾಗೆಯೇ. ಕಣ್ಣನ್ನು ಮೊಳೆಯ ತಲೆಯನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ದುಂಡಗೆ ಬರುತ್ತದೆ. ಕೊನೆಗೆ ಮೂರು ಸಲ ವಾರ್ನಿಷ್, ಪ್ರತಿ ಸಲವೂ ಪೂರಾ ಒಣಗಿದ ಮೇಲೆ. ನೀರಿನಲ್ಲಿ ಎಳೆದು ನೋಡಿ. ಬಲಕ್ಕೆ ವಾಲಿದರೆ ಮೂತಿಯ ಕುಣಿಕೆಯನ್ನು ಕೂದಲಷ್ಟು ಎಡಕ್ಕೆ ಬಗ್ಗಿಸಿ.

ಈಗ ನನ್ನ ತಪ್ಪು. ಹೊಟ್ಟೆಯಲ್ಲಿ ಭಾರ ಇಡಬೇಕು ಎಂದೆನಲ್ಲ. ನಾನು ಹರಿದ ಬಲೆಗಳ ಸೀಸದ ಗುಂಡುಗಳನ್ನು ತಂದು, ಅಡುಗೆ ಒಲೆಯ ಮೇಲೆಯೇ ಹಳೆಯ ಬಾಣಲೆಯಲ್ಲಿ ಕರಗಿಸುತ್ತಿದ್ದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಕಟ್ಟಿಗೆ ಒಲೆ ಸಾಕು. ನನ್ನ ಹೆಂಡತಿ, “ಏನ್ರೀ, ಅಡಿಗಿ ಮನ್ಯಾಗ ಇದೇನು ಹಚ್ಚೀರಿ? ಕೂಸು ಇಲ್ಲೇ ಕುಂತದ,” ಎಂದಳು. ನಾನು ನಕ್ಕುಬಿಟ್ಟೆ. ಕೂಸು ಹೊಳೆಯುವ ಗುಂಡುಗಳನ್ನು ಆಟಕ್ಕೆ ತೆಗೆದುಕೊಳ್ಳುತ್ತಿತ್ತು, ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಿತ್ತು. ಕೆಲವು ತಿಂಗಳಲ್ಲಿ ಹೊಟ್ಟೆನೋವು, ಊಟ ಬೇಡ, ಮಂಕು. ಜಂತುಹುಳು ಎಂದು ಮದ್ದು ಕೊಟ್ಟೆವು. ಕೊನೆಗೆ ಒಬ್ಬ ವೈದ್ಯರು, “ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೀಸ ಕಂಡಿತು. ಅಂದು ರಾತ್ರಿ ನಾನು ಜಪಮಾಲೆ ಹಿಡಿದೆ, ಆದರೆ ಒಂದು ಮಾತೂ ಬಾಯಿಗೆ ಬರಲಿಲ್ಲ.

ಸೀಸ ಮಕ್ಕಳ ಮಿದುಳಿಗೆ ವಿಷ. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಮಗುವಿನ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಗಾಳದ ಸೀಸದ ಗುಂಡು ನುಂಗಿ ಹಂಸಗಳು ಸತ್ತವೆಂದು 1987ರಲ್ಲಿ ಅಂತಹ ಸಣ್ಣ ಗುಂಡುಗಳ ಮಾರಾಟವನ್ನು ನಿಲ್ಲಿಸಿದರು. ಹಂಸಕ್ಕಾಗಿ ಕಾನೂನು ಬಂತು. ನಮ್ಮ ಕೂಸಿಗಾಗಿ ನಾವೇ ಒಂದು ಕಟ್ಟಳೆ ಮಾಡಿಕೊಳ್ಳಬಾರದೇ? ಬಣ್ಣದಲ್ಲೂ ಸೀಸ ಇರಬಹುದು, ಅದರಲ್ಲೂ ಹಳದಿ ಕೆಂಪುಗಳಲ್ಲಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಕ್ಕೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಕೊಳ್ಳಿ. ಚೀಟಿ ಇಲ್ಲದ ಹಳೆಯ ಡಬ್ಬಿ ಬೇಡ.

ಸೀಸದ ಬದಲು ಕಬ್ಬಿಣದ ನಟ್ಟು, ಸೈಕಲ್ಲಿನ ಸ್ಟೀಲ್ ಗುಂಡು ಹಾಕಿ. ಸೀಸದಷ್ಟೇ ಭಾರಕ್ಕೆ ಕಬ್ಬಿಣ ಸುಮಾರು ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ತೂತನ್ನು ದೊಡ್ಡದು ಮಾಡಿದರೆ ಮುಗಿಯಿತು. ನನ್ನ ಚೀಲದಲ್ಲಿರುವವು ಎಲ್ಲ ಹಾಗೆ ಮಾಡಿದವು. ಲೈನಿನ ಮನೆ ಎಂದರೆ ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಓದುವುದು ಎಲ್ಲ. ಆದ್ದರಿಂದ ಉಜ್ಜುವುದು, ಬಣ್ಣ ಹಚ್ಚುವುದು ಹೊರಗೆ ಮರದಡಿ ಇರಲಿ. ಗಾಳದ ಮೊನೆಗೆ ಬೆಂಡು ಚುಚ್ಚಿಡಿ. ಕೈ ತೊಳೆದು ಒಳಗೆ ಬನ್ನಿ.

ಸಂಘದವನಾಗಿ ಒಂದು ಮಾತು. ಒಂದು ಕಟ್ಟಿಗೆ ಮೀನಿಗೆ ನನಗೆ ಒಟ್ಟು ಐದು ಗಂಟೆ ಹಿಡಿಯುತ್ತದೆ. ಒಬ್ಬ ಅಂಗಡಿಯವರು ಕೇಳಿದ ಬೆಲೆಯಲ್ಲಿ ಗಾಳ, ಬಣ್ಣದ ಖರ್ಚು ಕಳೆದರೆ ಉಳಿಯುವುದು ಚಹಾದ ದುಡ್ಡು. ತೋಟದಲ್ಲಿ ಕೂಲಿಗೆ ಲೆಕ್ಕ ಕೇಳುವ ನಾವು ಮನೆಯಲ್ಲಿ ನಮ್ಮ ಕೂಲಿಯನ್ನೇ ಮರೆಯಬಾರದು. ಮಾರುವುದಾದರೆ ಗಂಟೆಗಳನ್ನು ಬರೆದಿಡಿ.

ಕೊನೆಯದಾಗಿ ಮರಳ ಮೀನಿನಿಂದ ಕಲಿತದ್ದು. ಮಳೆಗಾಲದಲ್ಲಿ ಅದು ಮರಿ ಮಾಡುತ್ತದೆ. ಕೆಂಪಗಿನ ಮರಿಗಳು ಗುಂಪಾಗಿ ನೀರಿನ ಮೇಲೆ ಬರುತ್ತವೆ; ತಂದೆತಾಯಿ ಕೆಳಗೆ ಕಾವಲು ನಿಲ್ಲುತ್ತವೆ. ಆಗ ಕಟ್ಟಿಗೆ ಮೀನು ಎಸೆದರೆ ಖಂಡಿತ ಹಿಡಿಯುತ್ತದೆ. ಹಸಿವಿನಿಂದಲ್ಲ, ಮರಿಗಳನ್ನು ಉಳಿಸುವುದಕ್ಕಾಗಿ. ಆ ಮೀನನ್ನು ತೆಗೆದರೆ ಮರಿಗಳು ಬೇರೆ ಮೀನಿನ ಬಾಯಿಗೆ. ನಾನೂ ಹಿಂದೆ ಹಾಗೆ ಹಿಡಿದವನೇ. ಮಗಳ ರಕ್ತದ ಚೀಟಿ ಬಂದ ಮೇಲಿನ ಮಳೆಗಾಲದಲ್ಲಿ, ಮಾಂಜ್ರಾ ದಂಡೆಯಲ್ಲಿ ಮರಿಗಳ ಗುಂಪನ್ನು ಕಂಡು ದಾರ ಸುತ್ತಿಕೊಂಡು ಮನೆಗೆ ಬಂದೆ. ನೀರಿನ ಮೀನಿಗೆ ಇರುವ ಎಚ್ಚರ ಒಲೆಯ ಮುಂದೆ ನನಗೆ ಇರಲಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ, ದೇವರಿಗೆ ಸ್ತೋತ್ರ. ಲೆಕ್ಕ ಮಾತ್ರ ನಿಧಾನ. ಅದು ಸೀಸದಿಂದಲೋ ಅಲ್ಲವೋ, ಯಾವ ವೈದ್ಯರೂ ಹೇಳಲಾರರು. ಆ ಸಂಶಯವನ್ನು ನಾನು ಹೊತ್ತಿದ್ದೇನೆ. ನೀವು ಹೊರಬೇಡಿ.

ನಜರೇತಿನ ಬಡಗಿಯ ಮನೆಯಲ್ಲೂ ಒಂದು ಮಗು ಆಡುತ್ತಿತ್ತು. ಸಂತ ಜೋಸೆಫರು ಉಳಿಯನ್ನು ಎಲ್ಲಿಡುತ್ತಿದ್ದರು ಎಂದು ನಾನು ಈಗ ಎಷ್ಟೋ ಸಲ ಯೋಚಿಸುತ್ತೇನೆ. ಹುಡುಗರೇ, ಊಟವಾದ ಮೇಲೆ ಹೊರಗೆ ಮರದಡಿ ಬನ್ನಿ. ಕತ್ತಿ, ಉಪ್ಪು ಕಾಗದ ನನ್ನಲ್ಲಿವೆ.